300 ಜಿಬಿ ಫೋಟೋ, ಟ್ಯಾಲಿ, ನುಡಿ ಫೈಲ್‌ಗಳ ಆನ್‌ಲೈನ್ ಬ್ಯಾಕಪ್ ಮುಗಿಯುತ್ತಿಲ್ಲ, ಕೆಲವು ಫೋಲ್ಡರ್ ಹೋಗುತ್ತಲೇ ಇಲ್ಲ

ಪ್ರಶ್ನೆ | ದಾವಣಗೆರೆ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಇದೆ, ವಿಂಡೋಸ್ 11. ಡಿ ಡ್ರೈವ್‌ನಲ್ಲಿ ಸುಮಾರು 300 ಜಿಬಿ ತುಂಬಿದೆ. ಮುಕ್ಕಾಲು ಪಾಲು ಫೋಟೋ, ವಿಡಿಯೋ. ಉಳಿದದ್ದು ನಮ್ಮ ಯಜಮಾನರ ಅಂಗಡಿಯ ಟ್ಯಾಲಿ, ಮಕ್ಕಳ ಮಾರ್ಕ್ಸ್ ಕಾರ್ಡ್, ಮನೆ ಪತ್ರಗಳ ಸ್ಕ್ಯಾನ್, ಮತ್ತೆ ನಮ್ಮ ಮಾವನವರು ನುಡಿಯಲ್ಲಿ ಟೈಪ್ ಮಾಡಿಟ್ಟ ಲೇಖನಗಳು.

1 ಟಿಬಿ ಜಾಗ ಕೊಡುವ ಒಂದು ಸಿಂಕ್ ಸರ್ವಿಸ್ ತೆಗೆದುಕೊಂಡು ಇಡೀ ಡಿ ಡ್ರೈವ್‌ನ ಫೋಲ್ಡರ್‌ಗಳನ್ನು ಅದಕ್ಕೆ ಹಾಕಿದ್ದೇನೆ. ಅದು ಆಮೆ ವೇಗದಲ್ಲಿ ಹೋಗುತ್ತಿದೆ. ಅದು ಓಡುವಾಗ ಮಗನ ಆನ್‌ಲೈನ್ ಕ್ಲಾಸ್ ಕಟ್ ಕಟ್ ಆಗುತ್ತದೆ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 100, ಅಪ್‌ಲೋಡ್ 10 ಎಂಬಿಪಿಎಸ್ ತೋರಿಸಿತು. ನಡುವೆ ಕರೆಂಟ್ ಬೇರೆ ಹೋಗುತ್ತದೆ. ಕೆಲವು ಫೋಲ್ಡರ್‌ಗಳ ಮೇಲೆ ಕೆಂಪು ಗುರುತು ಬಂದಿದೆ, ಹೆಸರು ತುಂಬಾ ಉದ್ದ ಎನ್ನುತ್ತದೆ. ಹೆಸರು ನೋಡಿದರೆ ಅಷ್ಟೇನೂ ಉದ್ದ ಇಲ್ಲ.

ಕೊನೆಯ ಪ್ರಶ್ನೆ. ಎಲ್ಲ ಅಪ್‌ಲೋಡ್ ಆದ ಮೇಲೆ ಡಿ ಡ್ರೈವ್‌ನಿಂದ ಫೋಟೋಗಳನ್ನು ಅಳಿಸಿ ಜಾಗ ಮಾಡಿಕೊಳ್ಳಬಹುದಾ?

ಉತ್ತರ | ಚಿತ್ರದುರ್ಗ, ಹೊಳಲ್ಕೆರೆ ರಸ್ತೆ

ಮೇಡಂ, ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ದಯವಿಟ್ಟು ಅಳಿಸಬೇಡಿ. ಒಂದು ಫೋಟೋ ಕೂಡ ಬೇಡ.

ನೀವು ತೆಗೆದುಕೊಂಡಿರುವುದು ಸಿಂಕ್. ಅದು ಕನ್ನಡಿ ಇದ್ದ ಹಾಗೆ. ಇಲ್ಲಿ ಏನಾಯಿತೋ ಅಲ್ಲೂ ಅದೇ. ಡಿ ಡ್ರೈವ್‌ನಲ್ಲಿ ಅಳಿಸಿದರೆ ಆನ್‌ಲೈನ್‌ನಲ್ಲೂ ಹೋಗುತ್ತದೆ. ಗೂಗಲ್ ಡ್ರೈವ್ ಆಗಲಿ, ಮನೆಬಳಕೆಯ ಒನ್‌ಡ್ರೈವ್ ಆಗಲಿ, ಅಳಿಸಿದ್ದನ್ನು ಕಸದ ಬುಟ್ಟಿಯಲ್ಲಿ 30 ದಿನ ಇಟ್ಟುಕೊಂಡಿರುತ್ತವೆ. ಅಷ್ಟರೊಳಗೆ ನೋಡಿದರೆ ವಾಪಸ್ ತರಬಹುದು. ಫೋಟೋ ಹೋಗಿದೆ ಅಂತ ನಮಗೆ ಗೊತ್ತಾಗುವುದು ಮುಂದಿನ ಯುಗಾದಿಗೆ ಹಳೇ ಫೋಟೋ ಹುಡುಕಿದಾಗ. ಆಗ ಏನೂ ಉಳಿದಿರುವುದಿಲ್ಲ. ಜಾಗವೇ ಬೇಕಿದ್ದರೆ ಒನ್‌ಡ್ರೈವ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಜಾಗ ಖಾಲಿ ಮಾಡುವ ಆಯ್ಕೆ ಇದೆ. ಫೈಲ್ ಆನ್‌ಲೈನ್‌ನಲ್ಲಿ ಇರುತ್ತದೆ, ಇಲ್ಲಿ ಮೋಡದ ಗುರುತು ಮಾತ್ರ. ಹಾಗೆ ಮಾಡಿದರೆ ನಿಮ್ಮ ಹತ್ತಿರ ಇರುವುದು ಮತ್ತೆ ಒಂದೇ ಪ್ರತಿ. ಅದನ್ನು ಬ್ಯಾಕಪ್ ಅನ್ನೋಕಾಗಲ್ಲ. ಜಾಗಕ್ಕೆ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸಿ.

ಈಗ ವೇಗ. 300 ಜಿಬಿ ಅಂದರೆ ಎಂಟರಿಂದ ಗುಣಿಸಿ 2,400 ಗಿಗಾಬಿಟ್. 10 ಎಂಬಿಪಿಎಸ್‌ನಲ್ಲಿ ಕಳಿಸಿದರೆ 2,40,000 ಸೆಕೆಂಡ್, ಹತ್ತಿರ ಹತ್ತಿರ 67 ಗಂಟೆ. ಒಂದು ಕ್ಷಣವೂ ನಿಲ್ಲದೆ ಓಡಿದರೆ ಇಷ್ಟು. ರಾತ್ರಿ 12 ಗಂಟೆ ಮಾತ್ರ ಓಡಿಸಿದರೆ ಆರು ರಾತ್ರಿ ಹಿಡಿಯುತ್ತದೆ. ಹಾಗಾಗಿ ನಿಮ್ಮ ಸರ್ವಿಸ್ ಕೆಟ್ಟಿಲ್ಲ, ಮೊದಲ ಸಲ ಎಲ್ಲರಿಗೂ ಹೀಗೇ ಆಗುವುದು. ಒಮ್ಮೆ ಪೂರ್ತಿ ಹೋದರೆ ಆಮೇಲೆ ಹೊಸದು, ಬದಲಾದದ್ದು ಮಾತ್ರ ಹೋಗುತ್ತದೆ. ಹಲವು ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ. ನಿಮ್ಮ ಪ್ಲಾನ್ ಅಂಥದ್ದಾದರೆ 300 ಜಿಬಿ ದೊಡ್ಡ ಮಾತಲ್ಲ.

ಕ್ಲಾಸ್ ಕಟ್ ಆಗುವುದಕ್ಕೆ ಕಾರಣ ಅಪ್‌ಲೋಡ್ ದಾರಿ ಪೂರ್ತಿ ತುಂಬಿರುವುದು. ಮಗನ ಮಾತು, ಮುಖ ಎಲ್ಲ ಹೋಗಬೇಕಾದದ್ದು ಅದೇ ದಾರಿಯಲ್ಲಿ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಜಾಗ ಇದೆ. ಹಗಲು ಅರ್ಧಕ್ಕೆ ಇಳಿಸಿ, ರಾತ್ರಿ ಬಿಡಿ. ರಾತ್ರಿ ಓಡಬೇಕಾದರೆ ಕಂಪ್ಯೂಟರ್ ತಾನಾಗಿ ಸ್ಲೀಪ್‌ಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್ ಬದಲಿಸಿ. ತುಂಬಾ ಜನ ಇದನ್ನೇ ಬಿಟ್ಟು, ಬೆಳಿಗ್ಗೆ ಎದ್ದು ನೋಡಿ ಏನೂ ಹೋಗಿಲ್ಲ ಅಂತಾರೆ. ಇನ್ನೊಂದು, ಸ್ಪೀಡ್ ಟೆಸ್ಟ್ ವೈ-ಫೈನಲ್ಲಿ ಮಾಡಿದ್ದಾ? ರೂಟರ್‌ಗೆ ಲ್ಯಾನ್ ಕೇಬಲ್ ಹಾಕಿ ಮತ್ತೆ ನೋಡಿ.

ಕರೆಂಟ್ ಹೋದರೆ ಗಾಬರಿ ಬೇಡ. ನಿಂತ ಕಡೆಯಿಂದ ಮುಂದುವರಿಯುತ್ತದೆ. ಕರೆಂಟ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕುವ ಅಭ್ಯಾಸ ಇದ್ದರೆ ಮಾತ್ರ ಒಂದು ವಿಷಯ ಗಮನಿಸಿ. ವಿಂಡೋಸ್ ಅದನ್ನು ಅಳತೆಯ ಕನೆಕ್ಷನ್ (ಮೀಟರ್ಡ್, ಅಂದರೆ ಡೇಟಾ ಲೆಕ್ಕವಿಟ್ಟು ಬಳಸಬೇಕಾದದ್ದು) ಅಂತ ಗುರುತು ಮಾಡಿಕೊಂಡಿದ್ದರೆ ಒನ್‌ಡ್ರೈವ್ ಥರದ್ದು ತಾನಾಗಿ ನಿಲ್ಲುತ್ತದೆ. ನಿಂತದ್ದು ಒಳ್ಳೆಯದೇ, ಮೊಬೈಲ್ ಡೇಟಾ ಉಳಿಯಿತು.

ಇನ್ನು ಕೆಂಪು ಗುರುತು. ಕನ್ನಡದಲ್ಲಿ ಹೆಸರಿಡುವ ನಮಗೆಲ್ಲ ಇದು ಬೇಕಾದ ವಿಷಯ. ಹಳೆಯ ರೀತಿಯ ವಿಂಡೋಸ್ ಪ್ರೋಗ್ರಾಂಗಳಿಗೆ ಡ್ರೈವ್‌ನಿಂದ ಹಿಡಿದು ಫೈಲ್ ಹೆಸರಿನ ಕೊನೆವರೆಗೆ ಎಲ್ಲ ಸೇರಿ 260 ಅಕ್ಷರದ ಮಿತಿ ಇದೆ. ಒನ್‌ಡ್ರೈವ್‌ನಲ್ಲಿ ಆ ಮಿತಿ 400. ಲೆಕ್ಕ ಹಾಕುವುದು ನಮ್ಮ ಕಣ್ಣಿನ ಪ್ರಕಾರ ಅಲ್ಲ. ಒತ್ತು, ಕಾಗುಣಿತ ಒಂದೊಂದೂ ಬೇರೆ ಲೆಕ್ಕ. ‘ದುಗ್ಗಮ್ಮನ ಜಾತ್ರೆ’ ನಮಗೆ ಆರು ಅಕ್ಷರ. ಕಂಪ್ಯೂಟರ್‌ಗೆ ನಡುವಿನ ಜಾಗ ಬಿಟ್ಟು 15. ‘ಸ್ತ್ರೀ’ ಒಂದೇ ಅಕ್ಷರ, ಅದಕ್ಕೆ ಆರು. ಫೋಲ್ಡರ್ ಒಳಗೆ ಫೋಲ್ಡರ್ ಇದ್ದರೆ ಮಿತಿ ಬೇಗ ದಾಟುತ್ತದೆ. ಕನ್ನಡ ಹೆಸರು ಬಿಡಬೇಕಾಗಿಲ್ಲ. ಫೋಲ್ಡರ್‌ಗಳ ಪದರ ಕಡಿಮೆ ಮಾಡಿ. ‘2022 ವಾಣಿವಿಲಾಸ ಕೋಡಿ’ ಅಂತ ಇಟ್ಟು ನೇರ ಡಿ ಡ್ರೈವ್‌ನ ಫೋಟೋ ಫೋಲ್ಡರ್‌ಗೆ ಹಾಕಿ, ಸಾಕು.

ಆ ಹೆಸರು ಸುಮ್ನೆ ಬರೆದದ್ದಲ್ಲ. 1933ರ ನಂತರ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅವತ್ತು ಅಪ್ಪ, ಅಮ್ಮನ ಜೊತೆ ನಿಂತು ತೆಗೆದ ಫೋಟೋ ಎಷ್ಟೋ ಮನೆಗಳಲ್ಲಿ ಇವೆ. ಅಂಥದ್ದನ್ನು ದುಡ್ಡು ಕೊಟ್ಟು ಮತ್ತೆ ತರೋಕಾಗುತ್ತಾ?

ಉತ್ತರ | ದಾವಣಗೆರೆ, ಪಿ.ಜೆ. ಬಡಾವಣೆ

ಮೇಲಿನ ಅಣ್ಣನವರು ಹೇಳಿದ್ದು ಸರಿ ಇದೆ. ನಾನು ಅಕೌಂಟ್ಸ್ ಬರೆಯುವವನು, ಟ್ಯಾಲಿ ಬಗ್ಗೆ ಮಾತ್ರ ಹೇಳುತ್ತೇನೆ ಅಕ್ಕ.

ಟ್ಯಾಲಿಯ ಡೇಟಾ ಫೋಲ್ಡರ್ ಅನ್ನು ನೇರವಾಗಿ ಸಿಂಕ್‌ಗೆ ಹಾಕಬೇಡಿ. ಯಜಮಾನರು ಬಿಲ್ ಹೊಡೆಯುತ್ತಿರುವಾಗಲೇ ಅದು ಫೈಲ್ ಎತ್ತಿಕೊಂಡರೆ ಅರ್ಧ ಹಳೆಯದು, ಅರ್ಧ ಹೊಸದು ಹೋಗುತ್ತದೆ. ವಾಪಸ್ ತಂದಾಗ ಟ್ಯಾಲಿಯಲ್ಲಿ ಕಂಪನಿಯೇ, ಅಂದರೆ ಅಂಗಡಿಯ ಲೆಕ್ಕವೇ, ತೆರೆಯದೆ ಇರಬಹುದು. ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲೇ ಬ್ಯಾಕಪ್ ಇದೆ. ಸಂಜೆ ಅಂಗಡಿ ಲೆಕ್ಕ ಮುಗಿದ ಮೇಲೆ ಅದನ್ನು ತಾರೀಖಿನ ಹೆಸರಿನ ಫೋಲ್ಡರ್‌ಗೆ ತೆಗೆದಿಡಿ. ಆ ಫೋಲ್ಡರ್ ಆನ್‌ಲೈನ್‌ಗೆ ಹೋಗಲಿ. ನಿಮ್ಮ ಟ್ಯಾಲಿ ಡೇಟಾ ನಿಜವಾಗಿ ಡಿ ಡ್ರೈವ್‌ನಲ್ಲೇ ಇದೆಯಾ ಅಂತಲೂ ನೋಡಿ. ಇನ್‌ಸ್ಟಾಲ್ ಮಾಡುವಾಗ ಬದಲಿಸದಿದ್ದರೆ ಅದು ಸಿ ಡ್ರೈವ್‌ನ ಯೂಸರ್ಸ್, ಪಬ್ಲಿಕ್ ಒಳಗೆ ಇರುತ್ತದೆ. ಡಿ ಡ್ರೈವ್ ಮಾತ್ರ ಬ್ಯಾಕಪ್‌ಗೆ ಹಾಕಿ ಟ್ಯಾಲಿ ಸೇಫ್ ಅಂದುಕೊಂಡವರು ನಮ್ಮ ಕಡೆ ಜಾಸ್ತಿ.

ಮರುಪ್ರಶ್ನೆ | ದಾವಣಗೆರೆ, ವಿದ್ಯಾನಗರ

ಇಬ್ಬರಿಗೂ ತುಂಬಾ ಧನ್ಯವಾದ. ಲ್ಯಾನ್ ಕೇಬಲ್ ಹಾಕಿದೆ, ಅಪ್‌ಲೋಡ್ 40 ತೋರಿಸುತ್ತಿದೆ! ವೈ-ಫೈ ಎರಡು ಗೋಡೆ ದಾಟಿ ಬರುತ್ತಿತ್ತು, ಅದೇ ತೊಂದರೆ. ಕೆಂಪು ಗುರುತೂ ಹೋಯಿತು. ಟ್ಯಾಲಿ ಸಿ ಡ್ರೈವ್‌ನಲ್ಲೇ ಇತ್ತು. ಅದನ್ನು ಹೇಳಿದ್ದಕ್ಕೆ ನಮ್ಮ ಯಜಮಾನರು ಪ್ರತ್ಯೇಕ ಧನ್ಯವಾದ ಹೇಳಲು ಹೇಳಿದ್ದಾರೆ.

ಸಿಂಕ್ ಬೇರೆ, ಬ್ಯಾಕಪ್ ಬೇರೆ ಅಂತ ಈಗ ಅರ್ಥ ಆಯಿತು. ಹಾಗಾದರೆ ನಿಜವಾದ ಬ್ಯಾಕಪ್ ಸರ್ವಿಸ್ ಯಾವುದು ತೆಗೆದುಕೊಳ್ಳಲಿ?

ಉತ್ತರ | ಚಿತ್ರದುರ್ಗ, ಹೊಳಲ್ಕೆರೆ ರಸ್ತೆ

40 ಎಂಬಿಪಿಎಸ್ ಸಿಕ್ಕರೆ ಅದೇ 300 ಜಿಬಿ 17 ಗಂಟೆಯ ಕೆಲಸ. ಖುಷಿಯಾಯಿತು ಮೇಡಂ.

ಬ್ಯಾಕಪ್‌ಗೆಂದೇ ಮಾಡಿದವುಗಳಲ್ಲಿ ಬ್ಯಾಕ್‌ಬ್ಲೇಜ್, ಐಡ್ರೈವ್ ಎರಡನ್ನು ನೋಡಿ. ಬ್ಯಾಕ್‌ಬ್ಲೇಜ್ ಒಂದು ಕಂಪ್ಯೂಟರ್‌ಗೆ ಇಷ್ಟೇ ಜಾಗ ಅಂತ ಮಿತಿ ಹಾಕುವುದಿಲ್ಲ. 2023ರಲ್ಲಿ ಅದರ ದರ ವರ್ಷಕ್ಕೆ 99 ಡಾಲರ್ ಆಯಿತು. ಫೋಲ್ಡರ್ ಆರಿಸುವ ತಲೆನೋವಿಲ್ಲ, ನಿಮ್ಮ ಫೈಲ್‌ಗಳನ್ನೆಲ್ಲ ತಾನೇ ತೆಗೆದುಕೊಳ್ಳುತ್ತದೆ. ವಿಂಡೋಸ್ ಮತ್ತು ಪ್ರೋಗ್ರಾಂಗಳ ಫೋಲ್ಡರ್‌ಗಳನ್ನು, ಇನ್ನು ಕೆಲವು ಬಗೆಯ ಫೈಲ್‌ಗಳನ್ನು ಬಿಡುತ್ತದೆ. ಯುಎಸ್‌ಬಿ ಹಾರ್ಡ್ ಡಿಸ್ಕ್ ಕೂಡ ಸೇರಿಸಬಹುದು, ಆದರೆ ಹಳೆಯ ಪ್ರತಿಗಳನ್ನು 30 ದಿನ ಇಡುವ ಆಯ್ಕೆಯಲ್ಲಿ ಆ ಡಿಸ್ಕ್ ಅನ್ನು 30 ದಿನಕ್ಕೊಮ್ಮೆಯಾದರೂ ಚುಚ್ಚಬೇಕು. ಬೀರುವಿನಲ್ಲಿಟ್ಟು ಮರೆತರೆ ಅಲ್ಲಿನ ಪ್ರತಿಯೂ ಹೋಗುತ್ತದೆ. ಐಡ್ರೈವ್‌ನಲ್ಲಿ ಜಾಗಕ್ಕೆ ಮಿತಿ ಇದೆ, ಆದರೆ ಒಂದೇ ಖಾತೆಯಲ್ಲಿ ಮನೆಯ ಎಲ್ಲ ಕಂಪ್ಯೂಟರ್, ಫೋನ್ ಹಾಕಬಹುದು. ನಿಮ್ಮ ಮನೆಯಲ್ಲಿ ಲ್ಯಾಪ್‌ಟಾಪ್‌ಗಳೂ ಇದ್ದರೆ ಇದು ಅನುಕೂಲ.

ಬರೀ ಫೋಟೋ ಆಗಿದ್ದರೆ ಗೂಗಲ್ ಫೋಟೋಸ್ ಸಾಕು ಅನ್ನುತ್ತಿದ್ದೆ. ಉಚಿತ 15 ಜಿಬಿಯಲ್ಲಿ ಜಿಮೇಲ್, ಡ್ರೈವ್, ಫೋಟೋ ಮೂರೂ ಸೇರಿವೆ. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ ಆ ಲೆಕ್ಕಕ್ಕೇ ಬರುತ್ತವೆ. 300 ಜಿಬಿಗೆ ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕು.

ನನ್ನನ್ನು ಕೇಳಿದರೆ ಬೆಲೆಗಿಂತ ಮೊದಲು ನೋಡಬೇಕಾದದ್ದು ಅಳಿಸಿದ, ಬದಲಾದ ಫೈಲ್‌ನ ಹಳೆಯ ಪ್ರತಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅನ್ನುವುದು. ಬ್ಯಾಕ್‌ಬ್ಲೇಜ್‌ನಲ್ಲಿ ಅದನ್ನು ಒಂದು ವರ್ಷಕ್ಕೆ ಏರಿಸಿಕೊಳ್ಳಬಹುದು. ಕಂಪ್ಯೂಟರ್‌ಗೆ ರ‍್ಯಾನ್ಸಮ್‌ವೇರ್ ಬಂದು ಫೈಲ್‌ಗಳಿಗೆಲ್ಲ ಬೀಗ ಹಾಕಿದರೆ, ಬೀಗ ಬಿದ್ದ ಫೈಲ್‌ಗಳೇ ಆನ್‌ಲೈನ್‌ಗೂ ಹೋಗುತ್ತವೆ. ಆಗ ಕೈ ಹಿಡಿಯುವುದು ಹಳೆಯ ಪ್ರತಿಗಳೇ.

ಖಾಸಗಿ ಕೀ, ಅಂದರೆ ಫೈಲ್‌ಗಳಿಗೆ ನೀವೇ ಇಡುವ ಗುಪ್ತಪದ, ಹಾಕಿಕೊಳ್ಳುವ ಆಯ್ಕೆ ಬರುತ್ತದೆ. ಹಾಕಿದರೆ ಗುಟ್ಟು ಹೆಚ್ಚು. ಆದರೆ ಆ ಕೀ ಮರೆತರೆ ಕಂಪನಿಯವರಿಗೂ ಫೈಲ್ ತೆರೆಯಲು ಆಗುವುದಿಲ್ಲ. ಹಾಕಿದರೆ ಕಾಗದದಲ್ಲಿ ಬರೆದು ಮನೆ ಪತ್ರಗಳ ಜೊತೆ ಇಡಿ. ಯಜಮಾನರಿಗೂ ಅದು ಎಲ್ಲಿದೆ ಅಂತ ಗೊತ್ತಿರಲಿ.

ಆನ್‌ಲೈನ್ ಒಂದನ್ನೇ ನಂಬಿಕೊಂಡು ಕೂರುವುದೂ ಬೇಡ. ಕ್ರ್ಯಾಶ್‌ಪ್ಲಾನ್ ಎಂಬ ಹೆಸರಾದ ಸರ್ವಿಸ್ 2017ರ ಆಗಸ್ಟ್‌ನಲ್ಲಿ ಮನೆಬಳಕೆಯದನ್ನು ನಿಲ್ಲಿಸುತ್ತೇವೆ ಎಂದಿತು, 2018ರ ಅಕ್ಟೋಬರ್‌ಗೆ ನಿಲ್ಲಿಸಿತು. 1 ಟಿಬಿಯ ಯುಎಸ್‌ಬಿ ಡಿಸ್ಕ್ ಒಂದನ್ನು ತೆಗೆದುಕೊಂಡು ಅದರಲ್ಲೂ ಒಂದು ಪ್ರತಿ ಇಡಿ. ಕೆಲಸ ಮುಗಿದ ಕೂಡಲೇ ಕಳಚಿಡಿ, ಚುಚ್ಚಿಯೇ ಇದ್ದರೆ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಹರಿಹರದಲ್ಲೋ ಹಿರಿಯೂರಲ್ಲೋ ನೆಂಟರಿದ್ದರೆ ಅಂಥ ಡಿಸ್ಕ್ ಇನ್ನೊಂದನ್ನು ಅಲ್ಲಿಟ್ಟರೆ ಇನ್ನೂ ಒಳ್ಳೆಯದು.

ಉತ್ತರ | ದಾವಣಗೆರೆ, ಪಿ.ಜೆ. ಬಡಾವಣೆ

ಅಕ್ಕ, ಡಾಲರ್‌ನಲ್ಲಿ ದುಡ್ಡು ಕಟ್ಟುವ ಮುಂಚೆ ಒಂದು ಮಾತು. ಬ್ಯಾಂಕ್ ಆ್ಯಪ್‌ನಲ್ಲಿ ನಿಮ್ಮ ಕಾರ್ಡ್‌ಗೆ ವಿದೇಶಿ ವ್ಯವಹಾರ ಆನ್ ಮಾಡಬೇಕಾಗುತ್ತದೆ. ಮುಂದಿನ ವರ್ಷದ್ದು ತಾನಾಗಿ ಕಟ್ ಆಗುತ್ತದೆ ಅಂತ ನಂಬಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್‌ನ ಇ-ಮ್ಯಾಂಡೇಟ್ (ದುಡ್ಡು ತಾನಾಗಿ ಕಟ್ ಆಗಲು ಮೊದಲೇ ಕೊಡುವ ಒಪ್ಪಿಗೆ) ನಿಯಮ ಬಂದಿದೆ. ಅದಕ್ಕೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳಿಗೆ ನಮ್ಮ ಕಾರ್ಡ್‌ನಿಂದ ಆಟೋ ಪೇಮೆಂಟ್ ಹೋಗುವುದಿಲ್ಲ. ನವೀಕರಣ ತಪ್ಪಿದರೆ ಸ್ವಲ್ಪ ದಿನ ನೋಡಿ ಡೇಟಾ ಅಳಿಸುತ್ತಾರೆ. ಫೋನ್‌ನಲ್ಲಿ ಒಂದು ತಿಂಗಳು ಮುಂಚೆಯೇ ರಿಮೈಂಡರ್ ಇಟ್ಟುಕೊಳ್ಳಿ. ಗೂಗಲ್‌ನದ್ದಾದರೆ ಯುಪಿಐನಲ್ಲೇ ರೂಪಾಯಿಯಲ್ಲಿ ಕಟ್ಟಬಹುದು.

ಮರುಪ್ರಶ್ನೆ | ದಾವಣಗೆರೆ, ವಿದ್ಯಾನಗರ

ಬ್ಯಾಕಪ್ ಸರ್ವಿಸ್ ಹಾಕಿಕೊಂಡೆವು, ಎಲ್ಲ ಹೋಗಿದೆ. ನಿಜವಾಗಿ ವಾಪಸ್ ಬರುತ್ತದಾ ಅಂತ ನೋಡಲು ಬೇರೆ ಲ್ಯಾಪ್‌ಟಾಪ್‌ಗೆ ಒಂದಷ್ಟು ಇಳಿಸಿಕೊಂಡೆ. ಫೋಟೋ, ಮಾರ್ಕ್ಸ್ ಕಾರ್ಡ್ ಸರಿ ಇವೆ. ಟ್ಯಾಲಿ ಬ್ಯಾಕಪ್ ರೀಸ್ಟೋರ್ ಆಯಿತು. ಆದರೆ ಮಾವನವರ ಲೇಖನಗಳು ತೆರೆದರೆ ಕನ್ನಡವೇ ಇಲ್ಲ. ಏನೇನೋ ಇಂಗ್ಲಿಷ್ ಅಕ್ಷರ, ಅವುಗಳ ಮೇಲೆ ಚುಕ್ಕೆ, ಗೆರೆ. ಅಪ್‌ಲೋಡ್ ಆಗುವಾಗ ಕೆಟ್ಟಿತಾ? ಅವರಿಗೆ ಇನ್ನೂ ಹೇಳಿಲ್ಲ, ಬೇಜಾರು ಮಾಡಿಕೊಳ್ಳುತ್ತಾರೆ.

ಉತ್ತರ | ಚಿತ್ರದುರ್ಗ, ಹೊಳಲ್ಕೆರೆ ರಸ್ತೆ

ಏನೂ ಕೆಟ್ಟಿಲ್ಲ ಮೇಡಂ, ಧೈರ್ಯವಾಗಿರಿ. ಹಳೆಯ ನುಡಿ ಬರಹ ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರ್, ಫೋನ್‌ಗಳೂ ಬಳಸುವ ಅಕ್ಷರ ಸಂಕೇತ) ಅಲ್ಲ. ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ನುಡಿ ಫಾಂಟ್ ಅವನ್ನು ಕನ್ನಡವಾಗಿ ತೋರಿಸುತ್ತದೆ. ಆ ಲ್ಯಾಪ್‌ಟಾಪ್‌ನಲ್ಲಿ ಫಾಂಟ್ ಇಲ್ಲ, ಅಷ್ಟೇ. ಫಾಂಟ್‌ಗಳು ಇರುವುದು ವಿಂಡೋಸ್ ಫೋಲ್ಡರ್‌ನಲ್ಲಿ. ಅದನ್ನು ಬ್ಯಾಕಪ್ ಬಿಟ್ಟುಬಿಡುತ್ತದೆ ಅಂತ ಮೇಲೆ ಹೇಳಿದ್ದೆನಲ್ಲ.

ಡೆಸ್ಕ್‌ಟಾಪ್‌ನಿಂದ ನುಡಿ ಫಾಂಟ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಲೇಖನ ಸರಿಯಾಗಿ ಕಾಣುತ್ತದೆ. ಆಮೇಲೆ ಎರಡು ಕೆಲಸ ಮಾಡಿ. ಒಂದೊಂದು ಲೇಖನವನ್ನೂ ಡೆಸ್ಕ್‌ಟಾಪ್‌ನಲ್ಲಿ ಪಿಡಿಎಫ್ ಮಾಡಿಡಿ, ಆಗ ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ, ಯಾವ ಫೋನ್‌ನಲ್ಲಾದರೂ ಓದಬಹುದು. ಜೊತೆಗೆ ನುಡಿಯಲ್ಲಿರುವ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಇಡಿ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತು ಕೆಲವು ಕಡೆ ತಪ್ಪುವುದುಂಟು. ಅದನ್ನು ಮಾವನವರ ಹತ್ತಿರವೇ ಓದಿಸಿ, ಬರೆದವರಿಗೆ ತಪ್ಪು ಬೇಗ ಕಾಣುತ್ತದೆ. ಮೂಲ ಫೈಲ್‌ಗಳನ್ನು ಮಾತ್ರ ಮುಟ್ಟಬೇಡಿ. ಅವೇ ಫೋಲ್ಡರ್‌ನೊಳಗೆ ಫಾಂಟ್ ಫೈಲ್‌ಗಳನ್ನೂ ಹಾಕಿಡಿ, ಇನ್ನು ಮೇಲೆ ಅವೂ ಜೊತೆಯಲ್ಲೇ ಬ್ಯಾಕಪ್ ಆಗುತ್ತವೆ.