ಜುಲೈಯಲ್ಲಿ ಸೇಶೆಲ್ಸ್ ಬೀಚಿಗೆ ಹೋಗಬಹುದಾ? ಟೂರ್ ಮ್ಯಾನೇಜರ್‌ಗೆ ಪ್ರಶ್ನೆ

ಪ್ರಶ್ನೆ (ದಾವಣಗೆರೆಯ ಸದಸ್ಯೆ):
ಸರ್, ನಮಸ್ಕಾರ. ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತಿದೆ. ಒಂದೇ ಒಂದು ಸಲ ಪ್ರಪಂಚದಲ್ಲೇ ಚೆಂದದ ಬೀಚ್ ನೋಡಿ ಬರೋಣ ಅಂತ ನಮ್ಮ ಮನೆಯವರ ಆಸೆ. ಎಲ್ಲಿ ಹುಡುಕಿದರೂ ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ನ ಆನ್ಸ್ ಸೂರ್ಸ್ ದಾರ್ಜಾನ್ ಅನ್ನೋ ಹೆಸರೇ ಬರುತ್ತಿದೆ. ಏಜೆಂಟ್ ಒಬ್ಬರು ಜುಲೈ ಕೊನೆಗೆ ಪ್ಯಾಕೇಜ್ ಹೇಳಿದ್ದಾರೆ. ಜೊತೆಗೆ ಅತ್ತೆ ಬರುತ್ತಾರೆ, 72 ವರ್ಷ, ಮಂಡಿ ನೋವು. ಮಗನಿಗೆ ಈಜುವ ಹುಚ್ಚು. ನಾವು ಸಸ್ಯಾಹಾರಿಗಳು. ಅಷ್ಟು ದುಡ್ಡು ಹಾಕಬಹುದಾ? ಫೋಟೋದಲ್ಲಿರುವ ಹಾಗೇ ಇರುತ್ತದಾ?

ಉತ್ತರ (ಟೂರ್ ಮ್ಯಾನೇಜರ್):
ಮೇಡಂ, ಮೊದಲು ಶುಭಾಶಯ. ಬೀಚ್ ಸರಿಯಾಗಿ ಆರಿಸಿದ್ದೀರಿ. ತಿಂಗಳು ಮಾತ್ರ ಸರಿಯಿಲ್ಲ.

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಆಗ್ನೇಯ ದಿಕ್ಕಿನ ಗಾಳಿ ಜೋರು. ಇದೇ ಗಾಳಿ ಭೂಮಧ್ಯರೇಖೆ ದಾಟಿ, ತಿರುಗಿಕೊಂಡು, ನಮ್ಮ ಕರಾವಳಿಗೆ ಮುಂಗಾರಾಗಿ ಬರುವುದು. ಅಲ್ಲಿ ಆಗ ಮಳೆ ಕಡಿಮೆ, ಸೆಕೆಯೂ ಕಡಿಮೆ. ಹಾಗಾಗಿ ಏಜೆಂಟ್ ಜುಲೈ ಅಂದಿದ್ದು ಪೂರ್ತಿ ತಪ್ಪೇನಲ್ಲ. ಆದರೆ ಸಮುದ್ರ ಒರಟು. ನಾನೊಮ್ಮೆ ಜುಲೈಯಲ್ಲೇ 14 ಜನರನ್ನು ಕರೆದುಕೊಂಡು ಹೋಗಿದ್ದೆ. ವಿಮಾನ ಇಳಿಯುವ ಮಾಹೆ ದ್ವೀಪದಿಂದ ಪ್ರಾಲಿನ್ ದ್ವೀಪಕ್ಕೆ ಫೆರ್ರಿಯಲ್ಲಿ ಸುಮಾರು ಒಂದು ಗಂಟೆ. ಅರ್ಧ ದಾರಿಗೇ ಹನ್ನೊಂದು ಜನರ ಕೈಯಲ್ಲಿ ವಾಂತಿ ಕವರು. ನಿಂಬೆಹಣ್ಣು ಮೂಸುತ್ತಾ ಕೂತಿದ್ದ ಅಜ್ಜಿಯೊಬ್ಬರು, "ಬೀಚ್ ಆಮೇಲೆ ತೋರಿಸುವಿಯಂತೆ, ಮೊದಲು ನೆಲ ತೋರಿಸಪ್ಪ" ಅಂದರು. ನಿಮ್ಮ ಅತ್ತೆಯವರ ವಿಷಯ ಓದಿದಾಗ ಅವರೇ ನೆನಪಾದರು.

ಗಾಳಿ ದಿಕ್ಕು ಬದಲಿಸುವ ಹೊತ್ತಿನಲ್ಲಿ, ಅಂದರೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ, ನೀರು ಶಾಂತವಾಗಿರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆ, ದಸರಾ ರಜೆ ಎರಡೂ ಅಲ್ಲಿಗೇ ಬಂದು ಕೂರುತ್ತವೆ. ಇಷ್ಟು ಅನುಕೂಲ ಇಟ್ಟುಕೊಂಡು ಜುಲೈಯಲ್ಲಿ ಯಾಕೆ ಹೋಗಬೇಕು?

ಈಗ ಫೋಟೋ ವಿಷಯ. ಈ ಬೀಚ್ ಇರುವುದು ಲಾ ಡಿಗ್ ಎಂಬ ಪುಟ್ಟ ದ್ವೀಪದಲ್ಲಿ, ಪ್ರಾಲಿನ್‌ನಿಂದ ಇನ್ನೊಂದು ಕಾಲು ಗಂಟೆ ಫೆರ್ರಿ. ಲುನಿಯಾನ್ ಎಸ್ಟೇಟ್ ಎಂಬ ಹಳೇ ತೆಂಗಿನ ತೋಟದ ಒಳಗಿಂದ ಟಿಕೆಟ್ ತೆಗೆದುಕೊಂಡು ಹೋಗಬೇಕು. ಮಾರುದ್ದ ಚಾಚಿದ ಮರಳು ಅಂತ ಅಂದುಕೊಳ್ಳಬೇಡಿ. ಆನೆ ಗಾತ್ರದ, ಕೆಲವು ಮನೆ ಗಾತ್ರದ ಗ್ರಾನೈಟ್ ಬಂಡೆಗಳು, ಅವುಗಳ ಸಂದಿಯಲ್ಲಿ ಸಣ್ಣ ಸಣ್ಣ ಮರಳಿನ ಕೋಣೆಗಳು. ಹಂಪಿ ನೋಡಿದವರು ಬಂಡೆ ನೋಡಿ ಬೆರಗಾಗುವುದಿಲ್ಲ. ಹಂಪಿಗೆ ಸಮುದ್ರ ಬಂದಿದೆಯಲ್ಲ ಅಂತ ಬೆರಗಾಗುತ್ತಾರೆ! ಸುಮ್ನೆ ಹೇಳುತ್ತಿಲ್ಲ, ಸುಮಾರು 6.5 ಕೋಟಿ ವರ್ಷಗಳ ಹಿಂದಿನವರೆಗೂ ಈ ನೆಲ ಭಾರತಕ್ಕೇ ಅಂಟಿಕೊಂಡಿತ್ತು.

ಉಬ್ಬರ ಬಂದಾಗ ಆ ಮರಳಿನ ಕೋಣೆಗಳು ಬಹುಪಾಲು ಮುಳುಗುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಚೀಲ ತಲೆ ಮೇಲಿಟ್ಟುಕೊಂಡು ನೀರಲ್ಲೇ ನಡೆಯಬೇಕು, ಕಲ್ಲು ಜಾರುತ್ತದೆ. ಇಳಿತದಲ್ಲಿ ಮರಳು ಧಾರಾಳ, ಆದರೆ ನೀರು ಪಾದ ಮುಳುಗುವಷ್ಟೇ, ಹವಳದ ಚೂರು ಕಾಲಿಗೆ ಚುಚ್ಚುತ್ತದೆ. ಪೋಸ್ಟ್‌ಕಾರ್ಡ್ ಫೋಟೋ ಇವೆರಡರ ನಡುವಿನ ಒಂದೆರಡು ಗಂಟೆಯದ್ದು. ಅದೂ ಮಧ್ಯಾಹ್ನದ ನಂತರ, ಏಕೆಂದರೆ ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬೂದು ಬಣ್ಣದ ಬಂಡೆ ಇಳಿಬಿಸಿಲಿಗೆ ಗುಲಾಬಿ ಆಗುತ್ತದೆ. ಬೆಳಿಗ್ಗೆ ಬಂದು ಫೆರ್ರಿ ಹಿಡಿಯಲು ಓಡುವವರಿಗೆ ಇದು ಸಿಗುವುದೇ ಇಲ್ಲ. ಲಾ ಡಿಗ್‌ನಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ.

ಅಲ್ಲಿ ಎಲ್ಲರೂ ಬಾಡಿಗೆ ಸೈಕಲ್‌ನಲ್ಲೇ ಓಡಾಡುವುದು. ಅತ್ತೆಯವರಿಗೆ ಟ್ಯಾಕ್ಸಿ ಹೇಳಿ, ಎಸ್ಟೇಟಿನ ಒಳಗಿನ ನಡಿಗೆಗೆ ಸಮಯ ಇಟ್ಟುಕೊಳ್ಳಿ. ಮೊದಲ ಮರಳಿನ ಹತ್ತಿರವೇ ಮರದ ನೆರಳಿದೆ, ಅವರು ಅಲ್ಲೇ ಕೂರಲಿ. ಹವಳದ ದಿಬ್ಬ ಅಲೆ ತಡೆಯುವುದರಿಂದ ನೀರು ಕೆರೆಯ ಹಾಗಿರುತ್ತದೆ. ಕಾಲು ಇಳಿಬಿಟ್ಟು ಕೂತರೆ ಆಯಿತು.

ಮಗನಿಗೆ ಒಂದು ಮಾತು ಖಂಡಿತ ಹೇಳಿ. ಅದೇ ದ್ವೀಪದ ಆಚೆ ಬದಿಗೆ ಗ್ರಾಂಡ್ ಆನ್ಸ್ ಇದೆ. ಉದ್ದನೆಯ ಮರಳು, ನೀಲಿ ಅಲೆ, ಜನ ಕಡಿಮೆ. ನೋಡಿದರೆ ಹಾರಿಬಿಡೋಣ ಅನಿಸುತ್ತದೆ. ಆದರೆ ಒಳಸೆಳೆತ ಕೆಟ್ಟದ್ದು, ಅದರಲ್ಲೂ ಆಗ್ನೇಯ ಗಾಳಿಯ ಕಾಲದಲ್ಲಿ. ಈಜುವ ಆಸೆಯಿದ್ದರೆ ಪ್ರಾಲಿನ್‌ನ ಆನ್ಸ್ ಲಾಜಿಯೋ ಬೀಚಿಗೆ ಕರೆದುಕೊಂಡು ಹೋಗಿ.

ವೀಸಾ ಬೇಡ, ಆದರೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ತೆಗೆದುಕೊಳ್ಳಲೇಬೇಕು. ಮುಂಬೈಯಿಂದ ನೇರ ವಿಮಾನ ಇದೆ.

ಊಟ: ಅಲ್ಲಿಯದು ಮೀನಿನ ಅಡುಗೆ. ಅಡುಗೆಮನೆ ಇರುವ ಗೆಸ್ಟ್‌ಹೌಸ್ ಹಿಡಿಯಿರಿ, ಅಕ್ಕಿ, ಬೇಳೆ ಅಂಗಡಿಯಲ್ಲೇ ಸಿಗುತ್ತದೆ. ಜೊತೆಗೆ ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್! ನಮ್ಮ ಕರಾವಳಿಯವರು ಪೋಡಿ (ಬಜ್ಜಿ) ಮಾಡುವ ಅದೇ ಕಾಯಿ, ಅಲ್ಲಿ ಚಿಪ್ಸ್ ಮಾಡಿ ಮಾರುತ್ತಾರೆ. ಜೀಗುಜ್ಜೆ ತಿಂದವರು ಮತ್ತೆ ಸೇಶೆಲ್ಸ್‌ಗೆ ಬಂದೇ ಬರುತ್ತಾರೆ ಅಂತ ಅಲ್ಲೊಂದು ಮಾತಿದೆ. ನಾನಂತೂ ನಾಲ್ಕು ಸಲ ಹೋದೆ.

ಪ್ರಶ್ನೆ (ತುಮಕೂರಿನ ಸದಸ್ಯ):
ಸರ್, ಸೇಶೆಲ್ಸ್ ನಮ್ಮ ಜೇಬಿಗೆ ಆಗಲ್ಲ. ಆಗಸ್ಟ್‌ನಲ್ಲಿ ಥಾಯ್ಲೆಂಡ್‌ನ ಮಾಯಾ ಬೇ ಬೀಚಿಗೆ ಹೋಗೋಣ ಅಂತ ಇದ್ದೀವಿ. ಹೇಗಿದೆ?

ಉತ್ತರ:
ಅಲ್ಲೂ ತಿಂಗಳೇ ತಪ್ಪಿತಲ್ಲ! ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಮಾಯಾ ಬೇ ಮುಚ್ಚಿರುತ್ತದೆ. ಒಂದು ಹಾಲಿವುಡ್ ಸಿನಿಮಾದಿಂದ ಹೆಸರಾಗಿ, ದಿನಕ್ಕೆ ಸಾವಿರಾರು ಜನ ನುಗ್ಗಿ, ಹವಳ ಹಾಳಾಗಿ 2018ರಲ್ಲಿ ಪೂರ್ತಿ ಬಾಗಿಲು ಹಾಕಿದ್ದರು. ತೆರೆದಿದ್ದು 2022ರ ಜನವರಿಯಲ್ಲಿ. ಈಗ ದೋಣಿ ದ್ವೀಪದ ಹಿಂಬದಿಯಲ್ಲಿ ನಿಲ್ಲುತ್ತದೆ, ನಡೆದು ಬರಬೇಕು. ಈಜುವಂತಿಲ್ಲ. ಒಳ್ಳೇದೇ ಆಯಿತು, ಮರಿ ಶಾರ್ಕ್‌ಗಳು ದಡದ ಹತ್ತಿರ ಮತ್ತೆ ಕಾಣುತ್ತಿವೆ. ಫೆಬ್ರವರಿಗೆ ಹಾಕಿಕೊಳ್ಳಿ.

ಪ್ರಶ್ನೆ (ಹೊನ್ನಾವರದ ಸದಸ್ಯ):
ನಮ್ಮ ಕಾಸರಕೋಡು ಬೀಚಿಗೆ ಬ್ಲೂ ಫ್ಲ್ಯಾಗ್ ಬಂದಿದೆ ಮಾರಾಯ್ರೆ. ಇದನ್ನ ಯಾರೂ ಹೇಳೋದಿಲ್ವಲ್ಲ?

ಉತ್ತರ:
ಬಂದಿದ್ದು ನಿಜ, 2020ರಲ್ಲಿ, ಪಡುಬಿದ್ರಿಗೂ ಜೊತೆಗೇ ಬಂತು. ಆದರೆ ಅದು ಸೌಂದರ್ಯದ ಬಹುಮಾನ ಅಲ್ಲ. ನೀರು ಶುದ್ಧ ಇದೆಯಾ, ಶೌಚಾಲಯ ಇದೆಯಾ, ಕಾಯುವವರು ಇದ್ದಾರಾ ಅಂತ ನೋಡಿ ಬೀಚಿಗೆ ಕೊಡುವ ಪ್ರಮಾಣಪತ್ರ. ಅತ್ತೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಲೆಕ್ಕದಲ್ಲಿ ಅದೇ ಜಾಸ್ತಿ ಮುಖ್ಯ.

ದಾವಣಗೆರೆಯ ಸದಸ್ಯೆ:
ತುಂಬಾ ಥ್ಯಾಂಕ್ಸ್ ಸರ್. ದಸರಾಕ್ಕೇ ಅಂತ ಎಲ್ಲರೂ ಒಪ್ಪಿದರು. ಉಬ್ಬರ ಇಳಿತ ನೋಡಿಕೊಳ್ಳುವುದು ಹೇಗೆ?

ಉತ್ತರ:
ಮೊಬೈಲ್‌ನಲ್ಲಿ ಆ ದಿನದ ಸಮಯ ಸಿಗುತ್ತದೆ, ಗೆಸ್ಟ್‌ಹೌಸ್‌ನವರೂ ಹೇಳುತ್ತಾರೆ. ದಿನಾ ಎರಡು ಉಬ್ಬರ, ಎರಡು ಇಳಿತ, ಮಾರನೇ ದಿನ ಸುಮಾರು 50 ನಿಮಿಷ ತಡ. ದಿನಾಂಕ ಹಾಕುವಾಗ ಮನೆಯ ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರಿ ಇಳಿಯುತ್ತದೆ, ಅಷ್ಟಮಿ ಕಳೆದ ಒಂದೆರಡು ದಿನ ಕಡಿಮೆ. ಆಯುಧಪೂಜೆ ನವಮಿಗೆ ಬರುವುದರಿಂದ, ಅದು ಮುಗಿಸಿ ಹೊರಟರೆ ಸೀದಾ ಲಾ ಡಿಗ್‌ಗೆ ಹೋಗಿಬಿಡಿ. ಮಾಹೆ, ಪ್ರಾಲಿನ್ ಹುಣ್ಣಿಮೆ ಹೊತ್ತಿಗೆ ಇಟ್ಟುಕೊಳ್ಳಿ. ಫೆರ್ರಿಗೆ ಎರಡು ನಿಂಬೆಹಣ್ಣು ಮರೆಯಬೇಡಿ.