ಟಿಎಸ್‌ಎಚ್ ನಾರ್ಮಲ್ ಇದ್ದರೂ ಸುಸ್ತು ಯಾಕೆ?

ತಂಗಿ, ನಮ್ಮ ಗ್ರೂಪಿನಲ್ಲಿ ನಿನ್ನ ಮೆಸೇಜ್ ಮುಂಜಾನೆಯೇ ನೋಡಿದೆ. ಟೈಪ್ ಮಾಡುವುದಕ್ಕಿಂತ ಮಾತಾಡಿ ಹೇಳುವುದೇ ಸರಿ ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ಇಂಡಿ ಊರಿನಲ್ಲಿರುವ ನಿನ್ನ ನಾದಿನಿಗೆ ಯಾವಾಗಲೂ ಸುಸ್ತು, ಬೇಸಿಗೆಯಲ್ಲೂ ಚಳಿ ಅನ್ನುತ್ತಾಳೆ, ಥೈರಾಯ್ಡ್ ಟೆಸ್ಟ್ ಮಾಡಿಸಿದರೆ ಟಿಎಸ್‌ಎಚ್, ಅಂದರೆ ಥೈರಾಯ್ಡ್‌ಗೆ ಕೆಲಸ ಮಾಡು ಅನ್ನುವ ಹಾರ್ಮೋನು, ನಾರ್ಮಲ್ ಬಂದಿದೆ, ಹಾಗಾದರೆ ಇದೇನು ಅಂತ ಕೇಳಿದ್ದೀಯ. ಅದರ ಕೆಳಗೆ ವೈನಿ, ತಮ್ಮ ಥೈರಾಯ್ಡ್ ಗುಳಿಗೆಯನ್ನೇ ಆಕೆ ಅರ್ಧ ಅರ್ಧ ತಗೊಂಡು ನೋಡಲಿ ಅಂದಿದ್ದಾರೆ. ವೈನಿ, ನಿಮ್ಮ ಕಾಳಜಿ ಎಂಥದ್ದು ಅಂತ ನನಗೆ ಗೊತ್ತು. ಆದರೆ ದಯವಿಟ್ಟು ಕೊಡಬೇಡಿ. ಆಕೆಯ ಜೀವಕ್ಕೇ ಕುತ್ತು ಬರಬಹುದು.

ರಿಪೋರ್ಟ್ ಫೋಟೋ ದೊಡ್ಡದು ಮಾಡಿ ನೋಡಿದೆ. ಟಿಎಸ್‌ಎಚ್ 1.9 ಅಂತ ಇದೆ. ಯಾರೋ ಪೆನ್ನಿನಿಂದ ಅದಕ್ಕೆ ಸುತ್ತು ಹಾಕಿ ರೈಟ್ ಮಾರ್ಕ್ ಮಾಡಿದ್ದಾರೆ. ಎಲ್ಲರ ಕಣ್ಣೂ ಅಲ್ಲೇ ನಿಂತಿದೆ. ಅದರ ಮೇಲಿನ ಸಾಲು ನೋಡಿ. ಟಿ4, ಅಂದರೆ ಥೈರಾಯ್ಡ್ ಮಾಡುವ ಹಾರ್ಮೋನು, 3.1 ಇದೆ. ಇರಬೇಕಾದದ್ದು ಸುಮಾರು 5ರಿಂದ 12 ಅಂತ ಪಕ್ಕದಲ್ಲೇ ಅಚ್ಚಾಗಿದೆ. ಅಂದರೆ ಆಕೆಗೆ ಥೈರಾಯ್ಡ್ ಹಾರ್ಮೋನು ಕಡಿಮೆಯೇ ಇದೆ. ಟಿಎಸ್‌ಎಚ್ ಮಾತ್ರ ಅದನ್ನು ಹೇಳುತ್ತಿಲ್ಲ.

ಟಿಎಸ್‌ಎಚ್ ಕುತ್ತಿಗೆಯ ಥೈರಾಯ್ಡ್‌ನಲ್ಲಿ ಆಗುವುದಲ್ಲ. ಅದು ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ತೂಕ ಸುಮಾರು ಅರ್ಧ ಗ್ರಾಂ ಅಷ್ಟೇ. ಟಿ4 ಕಡಿಮೆ ಆದರೆ ಇದು ಟಿಎಸ್‌ಎಚ್ ಜಾಸ್ತಿ ಮಾಡಿ ಥೈರಾಯ್ಡ್‌ಗೆ ಇನ್ನಷ್ಟು ಕೊಡು ಅನ್ನುತ್ತದೆ. ಅದಕ್ಕೇ ನಮ್ಮಲ್ಲಿ ಹೆಚ್ಚಿನವರಿಗೆ ಥೈರಾಯ್ಡ್ ಕಡಿಮೆ ಇದ್ದರೆ ಟಿಎಸ್‌ಎಚ್ 10, 20 ಅಂತ ಏರಿರುತ್ತದೆ. ವೈನಿಗೂ ಹಾಗೇ ಇತ್ತು ಅಲ್ವಾ. ಆದರೆ ಪಿಟ್ಯುಟರಿಯೇ ಸೊರಗಿದ್ದರೆ? ಮನೆಯಲ್ಲಿ ಹಿಟ್ಟು ಮುಗಿದಾಗ ಗಿರಣಿಗೆ ಹೋಗಿ ಬಾ ಅಂತ ಕೂಗುವವಳು ಅತ್ತೆ. ಅತ್ತೆಯ ದನಿಯೇ ಬಿದ್ದು ಹೋಗಿದ್ದರೆ ಮನೆ ಶಾಂತ ಇರುತ್ತದೆ, ಹಿಟ್ಟಿನ ಡಬ್ಬಿ ಮಾತ್ರ ಖಾಲಿ. ಇಂಥವರಲ್ಲಿ ಟಿಎಸ್‌ಎಚ್ ಕಡಿಮೆಯೂ ಇರಬಹುದು, ನಾರ್ಮಲ್ ಅಂತಲೂ ಬರಬಹುದು. ಅದೊಂದನ್ನೇ ನಂಬಿ ಕೂತರೆ ವರ್ಷಗಟ್ಟಲೆ ರೋಗ ಸಿಗುವುದಿಲ್ಲ.

ಈಗ ನೀನು ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ನನಗೆ ಅದೇ ಮುಖ್ಯ. ಎರಡನೇ ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಬಾಟಲಿ ರಕ್ತ ಹಾಕಿದ್ದರು, ಕೂಸಿಗೆ ಎದೆಹಾಲೇ ಬರಲಿಲ್ಲ, ಆಮೇಲೆ ಮುಟ್ಟೂ ಸರಿಯಾಗಿ ಆಗಲಿಲ್ಲ ಅಂತ. ಬಾಗಲಕೋಟೆಯಲ್ಲಿ ಹೆರಿಗೆ ವಾರ್ಡಿನಲ್ಲೇ ನನ್ನ ನೌಕರಿ ಮುಗಿದದ್ದು. ಈ ಮೂರು ಮಾತು ಒಟ್ಟಿಗೆ ಕೇಳಿದರೆ ನನಗೆ ಮೊದಲು ನೆನಪಾಗುವುದು ಶೀಹಾನ್ ಸಿಂಡ್ರೋಮ್. ಬ್ರಿಟನ್ನಿನ ಡಾಕ್ಟರ್ ಹೆರಾಲ್ಡ್ ಶೀಹಾನ್ 1937ರಲ್ಲಿ ಇದನ್ನು ವಿವರಿಸಿದರು. ಬಸುರಿಯಲ್ಲಿ ಪಿಟ್ಯುಟರಿ ದೊಡ್ಡದಾಗುತ್ತದೆ, ಅದಕ್ಕೆ ರಕ್ತವೂ ಜಾಸ್ತಿ ಬೇಕು. ಆ ಹೊತ್ತಿನಲ್ಲೇ ರಕ್ತಸ್ರಾವ ಆಗಿ ಬಿಪಿ ಬಿದ್ದರೆ ಗ್ರಂಥಿಗೆ ರಕ್ತ ಸಿಗದೆ ಅದರ ಭಾಗ ಸತ್ತು ಹೋಗುತ್ತದೆ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಅಲ್ಲಿಂದಲೇ ಬರಬೇಕು, ಮುಟ್ಟಿಗೆ ಬೇಕಾದ ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳೂ ಅಲ್ಲಿಂದಲೇ. ಒಂದೊಂದೇ ನಿಲ್ಲುತ್ತಾ ಹೋಗುತ್ತದೆ. ಬಾಣಂತಿತನ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಹೀಗೆ ಅಂತ ಆಕೆಯ ತವರಿನವರನ್ನು ಯಾರೂ ಅನ್ನಬೇಡಿ. ಹಾಲು ಬರದದ್ದು ಆ ಹುಡುಗಿಯ ತಪ್ಪೂ ಅಲ್ಲ.

ಗುಳಿಗೆ ಯಾಕೆ ಬೇಡ ಅಂದೆ ಅಂದರೆ, ಪಿಟ್ಯುಟರಿಯಿಂದಲೇ ಎಸಿಟಿಎಚ್ ಅಂತ ಇನ್ನೊಂದು ಹಾರ್ಮೋನು ಬರುತ್ತದೆ. ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಮಾಡುವುದು ಅದರ ಮಾತಿನಂತೆ. ಜ್ವರ, ವಾಂತಿ, ಆಪರೇಷನ್, ಏನೇ ಬಂದರೂ ದೇಹ ತಡೆದುಕೊಳ್ಳುವುದು ಕಾರ್ಟಿಸೋಲ್‌ನಿಂದ. ಅದು ಕಡಿಮೆ ಇರುವವರಿಗೆ ಥೈರಾಕ್ಸಿನ್, ಅಂದರೆ ವೈನಿ ತಗೊಳ್ಳುವ ಥೈರಾಯ್ಡ್ ಗುಳಿಗೆ, ಕೊಟ್ಟರೆ ಉಳಿದ ಚೂರು ಕಾರ್ಟಿಸೋಲ್ ಬೇಗ ಕರಗಿ ಹೋಗುತ್ತದೆ. ಬಿಪಿ ಇಳಿದು ರೋಗಿ ಕುಸಿದು ಬೀಳಬಹುದು. ಅದಕ್ಕೇ ಡಾಕ್ಟರು ಮೊದಲು ಕಾರ್ಟಿಸೋಲ್ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಶುರು ಮಾಡಿ, ಆಮೇಲೇ ಥೈರಾಕ್ಸಿನ್ ಸೇರಿಸುತ್ತಾರೆ. ಈ ಕ್ರಮ ತಪ್ಪಬಾರದು. ಸುಸ್ತಾದಾಗಲೆಲ್ಲ ಊರಲ್ಲಿ ಸಲಾಯಿನ್ ಹಚ್ಚಿಸುತ್ತೇವೆ, ಎರಡು ದಿನ ಆರಾಮ ಇರುತ್ತಾಳೆ ಅಂತಲೂ ಬರೆದಿದ್ದೀಯ. ಕಾರ್ಟಿಸೋಲ್ ಕೊರತೆ ಇರುವವರಿಗೆ ಸಲಾಯಿನ್ ಹೀಗೇ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ. ನನ್ನ ಅನುಮಾನ ಗಟ್ಟಿಯಾದದ್ದು ಅಲ್ಲೇ.

ಡಾಕ್ಟರು ಹೌದು ಅಂದರೆ ಔಷಧಿ ಇದೆ, ಹೆದರಬೇಡ. ಹೈಡ್ರೋಕಾರ್ಟಿಸೋನ್ ದಿನಕ್ಕೆ ಎರಡು ಮೂರು ಸಲ, ಜೀವನಪೂರ್ತಿ. ಆರಾಮ ಆಯಿತು ಅಂತ ಸುಮ್ನೆ ನಿಲ್ಲಿಸುವಂತಿಲ್ಲ. ಜ್ವರ ಬಂದರೆ ಡೋಸ್ ಎರಡು ಪಟ್ಟು ಮಾಡಲು ಹೇಳುತ್ತಾರೆ. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು, ಇಂಜೆಕ್ಷನ್ನೇ ಬೇಕು. ಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ, ಚಹಾ ನಾಷ್ಟಾ ಅರ್ಧ ಮುಕ್ಕಾಲು ತಾಸು ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ನಾಲ್ಕು ತಾಸು ಆದಮೇಲೆ. ವೈನಿ, ಇದು ನಿಮಗೂ ಹೇಳಿದ್ದು, ನೀವು ಚಹಾದ ಜೊತೆಗೇ ನುಂಗುತ್ತೀರಿ. ಇನ್ನೊಂದು, ಆಕೆಯ ಡೋಸ್ ಸರಿ ಇದೆಯಾ ಅಂತ ನೋಡುವುದು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಮೇಲೆ, ಟಿಎಸ್‌ಎಚ್ ಮೇಲೆ ಅಲ್ಲ.

ಗ್ರೂಪಿನಲ್ಲಿ ಬಸುರಿ ಹೆಣ್ಣುಮಕ್ಕಳು ಇದ್ದಾರೆ, ಅದಕ್ಕೇ ಇದೂ ಹೇಳುತ್ತೇನೆ. ಪಿಟ್ಯುಟರಿಯಿಂದ ಬರುವ ಆಕ್ಸಿಟೋಸಿನ್ ಗರ್ಭಕೋಶವನ್ನು ಗಟ್ಟಿಯಾಗಿ ಕುಗ್ಗಿಸುತ್ತದೆ. 1953ರಲ್ಲಿ ಅಮೆರಿಕದ ವಿಜ್ಞಾನಿ ಡು ವಿನ್ಯೂ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು, 1955ರಲ್ಲಿ ನೊಬೆಲ್ ಬಂತು. ಕೂಸು ಹುಟ್ಟಿದ ಕೂಡಲೇ ತಾಯಿಗೆ ಕೊಡುವ 10 ಯೂನಿಟ್ ಇಂಜೆಕ್ಷನ್ ಅದೇ, ರಕ್ತಸ್ರಾವ ತಡೆಯಲು. ಅದನ್ನು ಫ್ರಿಜ್ಜಿನಲ್ಲಿ ಇಡಬೇಕು. ಫ್ರಿಜ್ ಇಲ್ಲದ ಹಳ್ಳಿಯಲ್ಲಿ ಏನು ಮಾಡುವುದು? ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ 1,620 ತಾಯಂದಿರ ಮೇಲೆ, ಫ್ರಿಜ್ ಬೇಡದ, ಗರ್ಭಕೋಶ ಕುಗ್ಗಿಸುವ ಮಿಸೊಪ್ರೊಸ್ಟಾಲ್ ಗುಳಿಗೆಯ ಅಧ್ಯಯನ ನಡೆಯಿತು. ಕೊಟ್ಟವರು ಹಳ್ಳಿಯ ಎಎನ್‌ಎಂ ಸಿಸ್ಟರ್‌ಗಳು, ಅಂದರೆ ಸಹಾಯಕ ನರ್ಸ್‌ಗಳು. ಹೆಚ್ಚು ರಕ್ತ ಹೋಗುವುದು 12 ಶೇಕಡಾದಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನನಗೆ ಅದರ ಬಗ್ಗೆ ಬಹಳ ಹೆಮ್ಮೆ. ಮನೆಯಲ್ಲಿ ಹೆರಿಗೆ ಬೇಡ ಅಂತ ನಾನು ಜಗಳ ಮಾಡುವುದು, ರಕ್ತಸ್ರಾವ ತಡೆಯುವ ಔಷಧಿ ಹೊತ್ತಿಗೆ ಸಿಗಲಿ ಅಂತಲೇ. ಹಾಗೆಯೇ ಎಮ್ಮೆಗೆ ಹಾಲು ಇಳಿಸಲು ಕದ್ದು ಚುಚ್ಚುತ್ತಾರಲ್ಲ, ಅದೂ ಇದೇ ಆಕ್ಸಿಟೋಸಿನ್. ಅದು ಕಾನೂನಿಗೆ ವಿರುದ್ಧ, ದನಕ್ಕೂ ಹಿಂಸೆ.

ತಂಗಿ, ತಡ ಮಾಡಬೇಡ. ವಿಜಯಪುರ ಇಲ್ಲವೇ ಬೆಳಗಾವಿಯಲ್ಲಿ ಎಂಡೋಕ್ರೈನ್ ಡಾಕ್ಟರ, ಅಂದರೆ ಹಾರ್ಮೋನು ಡಾಕ್ಟರ ಹತ್ತಿರ ಇದೇ ವಾರ ಕರೆದುಕೊಂಡು ಹೋಗು. ಮುಂಜಾನೆ 8ರ ಸುಮಾರಿಗೆ ಕಾರ್ಟಿಸೋಲ್‌ಗೆ ರಕ್ತ ತೆಗೆಯುತ್ತಾರೆ, ಫ್ರೀ ಟಿ4, ಪ್ರೊಲ್ಯಾಕ್ಟಿನ್, ಸೋಡಿಯಂ ನೋಡುತ್ತಾರೆ. ಬೇಕೆನಿಸಿದರೆ ಎಂಆರ್‌ಐ. ಕಂಕುಳ ಕೂದಲು ಉದುರಿದೆಯಾ ಅಂತ ನೀನೇ ಮೆತ್ತಗೆ ಕೇಳು, ಗಂಡಸರ ಮುಂದೆ ಆಕೆ ಹೇಳಲಾರಳು. ಆ ಹೆರಿಗೆಯ ಡಿಸ್ಚಾರ್ಜ್ ಕಾರ್ಡ್ ಮನೆಯಲ್ಲಿ ಹುಡುಕಿಸು, ಎಷ್ಟು ಬಾಟಲಿ ರಕ್ತ ಹಾಕಿದ್ದರು ಅಂತ ಅದರಲ್ಲಿ ಇರುತ್ತದೆ. ಸಿಕ್ಕ ಕೂಡಲೇ ಫೋಟೋ ನನಗೆ ಕಳಿಸು. ಅಷ್ಟರೊಳಗೆ ವಾಂತಿ ಶುರುವಾದರೆ ಅಥವಾ ತಲೆ ತಿರುಗಿ ಬಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ, ಪಿಟ್ಯುಟರಿ ಅನುಮಾನ ಇದೆ ಅಂತ ಬಾಗಿಲಲ್ಲೇ ಹೇಳಿ.