18 ಜನರ ತಂಡ, ಕುಕ್ಕೆ ಕಡೆಯಿಂದ ಕುಮಾರ ಪರ್ವತ: ಒಂದೇ ದಿನದಲ್ಲಿ ಆಗುತ್ತಾ?

ಚಾರಣ_ಸಂಚಾಲಕ: ಜನವರಿಯಲ್ಲಿ 18 ಜನರನ್ನು ಕರೆದುಕೊಂಡು ಹೋಗುವುದಿದೆ. ಹೆಚ್ಚಿನವರು ನಿವೃತ್ತ ಎಂಜಿನಿಯರುಗಳು, ವಯಸ್ಸು 58ರಿಂದ 66. ಸಣ್ಣಪುಟ್ಟ ಬೆಟ್ಟ ಹತ್ತಿ ರೂಢಿ ಇದೆ. ಬೆಳಗ್ಗೆ ಕುಕ್ಕೆಯಿಂದ ಹೊರಟು ತುದಿ ಮುಟ್ಟಿ ಸಂಜೆಯೊಳಗೆ ಇಳಿಯಬೇಕು ಅಂತ ಯೋಚನೆ. ಸಮಯದ ಲೆಕ್ಕ ಹೇಗೆ ಹಾಕೋದು? ತಂಡ ಚದುರದ ಹಾಗೆ ನಡೆಸೋದು ಹೇಗೆ? ತಲಾ ನೀರು ಎಷ್ಟು?

ಶೇಷಪರ್ವತ: ಮೊದಲು ಲೆಕ್ಕ ಮಾಡೋಣ ಸರ್. ತುದಿ 1712 ಮೀಟರ್, ಕುಕ್ಕೆ ಸುಮಾರು 120. ಅಂದರೆ 1600 ಮೀಟರ್ ಏರು, ಒಂದು ಕಡೆಗೆ 12-13 ಕಿ.ಮೀ. ಬೆಟ್ಟದ ನಡಿಗೆಗೆ ಸಮಯ ಅಂದಾಜಿಸುವ ನೈಸ್ಮಿತ್ ಸೂತ್ರದ ಪ್ರಕಾರ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಹತ್ತೋಕೇ ಐದೂಕಾಲು ಗಂಟೆ ಆಯಿತು. ಅದೂ ಗಟ್ಟಿಮುಟ್ಟಾದ ಒಬ್ಬರು ಎಲ್ಲೂ ಕೂರದೆ ನಡೆದರೆ. ಇಷ್ಟು ದೊಡ್ಡ ತಂಡಕ್ಕೆ ಒಂದೂವರೆ ಪಟ್ಟು ಹಿಡಿಯಿರಿ: ಎಂಟು ಗಂಟೆ. ಇಳಿಯೋಕೆ ಐದಾರು. ಜನವರಿಯಲ್ಲಿ ಬೆಳಕು ಇರೋದು ಹನ್ನೊಂದೂವರೆ ಗಂಟೆ. ಆಗಲ್ಲ.

ತುದಿಗಿಂತ ಮುಂಚೆ ದಾರಿಯಲ್ಲೇ ಸಿಗುವ ಕಲ್ಲು ಮಂಟಪವನ್ನೇ ಗುರಿ ಮಾಡಿ. ಮಧ್ಯಾಹ್ನ 12ಕ್ಕೆ ಎಲ್ಲಿದ್ದರೂ ವಾಪಸ್ ಅಂತ ಹಿಂದಿನ ದಿನವೇ ಎಲ್ಲರ ಎದುರು ಹೇಳಿಬಿಡಿ. ತುದಿ ಕಾಣಿಸುತ್ತಿರುವಾಗ ಈ ಮಾತು ತೆಗೆದರೆ ಯಾರೂ ಕೇಳಲ್ಲ. ತುದಿ ಬೇಕೇ ಬೇಕು ಅಂದರೆ ಸೋಮವಾರಪೇಟೆ ಕಡೆಯ ಬೀದಹಳ್ಳಿ ದಾರಿ ನೋಡಿ. ದೂರ ಹೆಚ್ಚುಕಡಿಮೆ ಅರ್ಧ, ಹೊರಡುವ ಜಾಗವೇ ಎತ್ತರದಲ್ಲಿದೆ.

ಹಿಂದಿನವ: ಮೇಲಿನ ಲೆಕ್ಕಕ್ಕೆ ನನ್ನದೂ ಸಹಮತ. ನಡಿಗೆಯ ಕ್ರಮದ ಬಗ್ಗೆ ಹೇಳ್ತೀನಿ. ಎಲ್ಲರಿಗಿಂತ ನಿಧಾನದವರು ಮುಂದಾಳುವಿನ ಬೆನ್ನಿಗೇ ಇರಲಿ, ವೇಗ ಅವರದ್ದೇ. ಎಲ್ಲರ ಹಿಂದೆ ದಾರಿ ಗೊತ್ತಿರುವ ಒಬ್ಬರು. ಔಷಧಿ ಚೀಲ, ಟಾರ್ಚ್ ಅವರ ಹತ್ತಿರ. ಅವರು ಯಾರನ್ನೂ ದಾಟಿ ಮುಂದೆ ಹೋಗಬಾರದು.

ತಂಡ ಒಡೆಯೋದು ಸಾಮಾನ್ಯವಾಗಿ ವಿಶ್ರಾಂತಿಯಲ್ಲೇ. ಮುಂದಿನವರು ಹತ್ತು ನಿಮಿಷ ಕೂತು, ಕೊನೆಯವರು ಏದುಸಿರು ಬಿಡುತ್ತಾ ಬಂದ ಕೂಡಲೇ "ಹೊರಡೋಣ" ಅಂತ ಎದ್ದುಬಿಡ್ತಾರೆ. ದಣಿದವರಿಗೆ ವಿಶ್ರಾಂತಿಯೇ ಸಿಗಲ್ಲ. ಮಂಡಿನೋವು, ಸ್ನಾಯು ಸೆಳೆತ ಶುರುವಾಗೋದು ಅವರಿಗೇ. ಕೊನೆಯವರು ಕೂತ ಮೇಲೆ ಗಡಿಯಾರ ನೋಡಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಏಳುವ ಮುಂಚೆ 1ರಿಂದ 18ರವರೆಗೆ ಕೂಗಿಸಿ. ದಾರಿ ಕವಲೊಡೆದ ಕಡೆ ಹಿಂದಿನವರ ಮುಖ ಕಾಣುವ ತನಕ ಮುಂದಿನವರು ಕದಲಬಾರದು.

ಮೊಬೈಲ್ ನಂಬಬೇಡಿ, ಎಲ್ಲರ ಕೊರಳಲ್ಲೂ ಒಂದು ಸೀಟಿ ಇರಲಿ. ತೊಂದರೆ ಆದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿಸಿಕೊಂಡವರ ಉತ್ತರ ಮೂರು.

ಒಂದುಲೋಟನೀರು: ತಲಾ 3 ಲೀಟರ್ ಹೊತ್ತುಕೊಂಡೇ ಹೊರಡಿ. ದಾರಿ ಮಧ್ಯೆ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಬರೀ ಹುಲ್ಲುಗಾವಲು, ತಲೆ ಮೇಲೆ ನೆರಳಿಲ್ಲ. ಕಲ್ಲು ಮಂಟಪದ ಹತ್ತಿರದ ಒರತೆಯನ್ನು ನೆಚ್ಚಿಕೊಳ್ಳಬೇಡಿ, ಬೇಸಿಗೆ ಹತ್ತಿರವಾದಂತೆ ಬತ್ತುತ್ತೆ. ಬರೀ ನೀರು ಕುಡಿಯುತ್ತಾ ಹೋದರೆ ಉಪ್ಪಿನಂಶ ಕಡಿಮೆಯಾಗಿ ತಲೆನೋವು, ವಾಕರಿಕೆ ಬರುತ್ತೆ. ಒಂದು ಬಾಟಲಿಗೆ ಓಆರ್‌ಎಸ್ ಇರಲಿ. 20.5 ಗ್ರಾಂ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್, ಅಂದಾಜಿಗೆ ಕಲಸಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಮೊದಲೇ ವೈದ್ಯರನ್ನು ಕೇಳಲಿ. ಅವರ ಮಾತ್ರೆ ಯಾವ ಜೇಬಲ್ಲಿದೆ ಅಂತ ಪಕ್ಕದವರಿಗೂ ತಿಳಿದಿರಲಿ.

ಈ ವಯಸ್ಸಿನ ತಂಡದಲ್ಲಿ ಶೂ ಪರೀಕ್ಷೆ ಮಾಡಲೇಬೇಕು. ವರ್ಷಗಟ್ಟಲೆ ಕಪಾಟಿನಲ್ಲಿಟ್ಟ ಟ್ರೆಕಿಂಗ್ ಶೂ ಹೊರಗೆ ಹೊಸದರಂತೆ ಇರುತ್ತೆ, ಒಳಗಿನ ಪಾಲಿಯುರೆಥೇನ್ ಪದರ ತೇವಕ್ಕೆ ಕೊಳೆತಿರುತ್ತೆ. ನಡೆದ ಒಂದೆರಡು ಗಂಟೆಗೆ ಸೋಲ್ ಇಡಿಯಾಗಿ ಕಳಚಿ ಬೀಳುತ್ತೆ. ಹೆಬ್ಬೆರಳಲ್ಲಿ ಒತ್ತಿ ನೋಡಿ, ಪುಡಿ ಉದುರಿದರೆ ಆ ಜೋಡಿ ಬೇಡ. ದಾರೀಲಿ ಕಿತ್ತರೆ ಸೋಲ್ ಬಿಗಿದು ಕಟ್ಟೋಕೆ ನಾಲ್ಕಾರು ಉದ್ದನೆಯ ಕೇಬಲ್ ಟೈ ಇಟ್ಟುಕೊಳ್ಳಿ.

ಚಾರಣ_ಸಂಚಾಲಕ: ಸರಿ, ಕಲ್ಲು ಮಂಟಪಕ್ಕೇ ನಿಲ್ಲಿಸ್ತೀವಿ. ಊರುಗೋಲು ಎಲ್ಲರಿಗೂ ಬೇಕಾ? ಅನುಮತಿ ಅಲ್ಲೇ ಸಿಗುತ್ತಾ?

ಶೇಷಪರ್ವತ: ಇಳಿಯೋಕೆ ಬೇಕು, ತಲಾ ಎರಡು. ಇಳಿಯುವಾಗ 5-10 ಸೆಂ.ಮೀ. ಉದ್ದ ಮಾಡಿಕೊಂಡರೆ ಮಂಡಿ ಮೇಲಿನ ಭಾರ ಕಡಿಮೆ. ಅನುಮತಿಗೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ವಾರಾಂತ್ಯ ಬೇಗ ಭರ್ತಿಯಾಗುತ್ತೆ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಎಲ್ಲರೂ ತರಲಿ.